ಚಿತ್ರದಲ್ಲಿಲ್ಲದ ಅವ್ವ

ಗಣಿಯೂರು ಲುಬುಂಬಾಶಿಯಲ್ಲಿ ಬಸ್ಸಿನ ಸಾಲಿನಲ್ಲಿ ಕಲೆಂಗಾ ತಾನು ಬರೆದ ಚಿತ್ರವನ್ನು ಮಾರಲು ಹಿಡಿದು ನಿಂತಿದ್ದ. ಹಿಂದೆ ಬಿಳಿಯರ ಆಳ್ವಿಕೆಯಲ್ಲಿ ಮುಷ್ಕರ ಹೂಡಿದ ತಾಮ್ರದ ಗಣಿ ಕೆಲಸಗಾರರ ಮೇಲೆ ಬಿಳಿಯ ಅಧಿಕಾರಿ ಗುಂಡು ಹಾರಿಸುತ್ತಿರುವ ಚಿತ್ರ. ಅವನ ಹಿಂದೆ ಬುಟ್ಟಿ ಕೆಳಗಿಟ್ಟು ನಿಂತಿದ್ದ ಸೊಪ್ಪು ಮಾರುವ ಮುಜಿಂಗಾ ಅದನ್ನು ನೋಡಿ ಸಿಡಿದಳು.

“ಏನಯ್ಯಾ, ಬರೀ ಗಂಡಸರೇ ಸತ್ರಾ? ಹೆಂಗಸರೆಲ್ಲಿ?”

“ಮುಷ್ಕರ ಮಾಡಿದ್ದು ಗಂಡಸರಲ್ವೇನಮ್ಮಾ?”

“ಮನೇಲಿ ಒಲೆ ಆರಿದ್ದು ಯಾರದು? ನಮ್ಮವ್ವ ಮುಂದೇನೇ ನಿಂತಿದ್ಲು. ನಾನು ಅವಳ ಬೆನ್ನಿಗೆ ಕಟ್ಟಿದ್ದ ಕೂಸು. ಗುಂಡು ಅವಳ ಎದೇಲೇ ನಿಂತೋಯ್ತು, ನಾನು ಉಳ್ಕೊಂಡೆ.”

“ನಂಗ್ಯಾರೂ ಹೇಳ್ಲಿಲ್ಲಮ್ಮ.”

“ನೀನು ಕೇಳಿದ್ದು ಬಿಯರ್ ಅಂಗಡಿ ಗಂಡಸರನ್ನ!”

ಸಾಲಿನಲ್ಲಿ ಯಾರೋ ನಕ್ಕರು. ಕಲೆಂಗಾ ನಗಲಿಲ್ಲ.

“ಅವ್ವ ಉಟ್ಟಿದ್ದ ಬಟ್ಟೆ ಯಾವ ಬಣ್ಣ?”

ಮುಜಿಂಗಾ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. “ನನ್ನನ್ನ ಬೆನ್ನಿಗೆ ಕಟ್ಟಿದ್ದು ಇದ್ರಲ್ಲೇ.” ತೊಳೆದು ತೊಳೆದು ಬಿಳಿಚಿಹೋಗಿತ್ತು. ಅಂಚಿನ ಹೊಲಿಗೆ ಬಿಡಿಸಿ ತೋರಿಸಿದಳು. ಒಳಗೆ ಗಾಢ ನೀಲಿ ಹಾಗೇ ಇತ್ತು.

“ಅವಳನ್ನ ಎಲ್ಲರಿಗಿಂತ ಮುಂದೆ ನಿಲ್ಸು. ಆ ಬಿಳಿಯನ ಟೋಪಿಗಿಂತ ಎತ್ತರಕ್ಕೆ.”

“ನಿಲ್ಲಿಸ್ತೀನಮ್ಮಾ.”

ಬಸ್ಸು ಬಂತು. ಮುಜಿಂಗಾ ಚಿತ್ರವನ್ನು ಅವನ ಕೈಯಿಂದ ಕಿತ್ತುಕೊಂಡು ಹತ್ತಿದಳು.

“ಅಮ್ಮಾ, ಅದು ಮಾರೋಕೆ ತಂದಿದ್ದು!”

“ನೀಲಿ ಹಚ್ಚೋವರ್ಗೂ ಇದು ಮಾರಾಟಕ್ಕಿಲ್ಲ. ಕುಂಚ ತಗೊಂಡು ನಮ್ಮನೆಗೇ ಬಾ.”

ಕಲೆಂಗಾ ಅವಳು ಕೆಳಗೇ ಬಿಟ್ಟಿದ್ದ ಸೊಪ್ಪಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹಿಂದೆಯೇ ಹತ್ತಿದ.