ಗೋಡೆಯಿಲ್ಲದ ಮನೆಯ ನಿದ್ದೆ

ದ್ವೀಪದ ರಾಜಧಾನಿ ಆಪಿಯಾದಿಂದ ಹೊರಟ ಬಸ್ಸು ತುಂಬಿತ್ತು; ಇಲ್ಲಿ ಸೀಟು ಸಾಲದಿದ್ದರೆ ದೊಡ್ಡವರೂ ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಾರೆ. ನನ್ನ ಪಕ್ಕದ ಹೆಂಗಸಿನ ತೊಡೆಯ ಮೇಲೆ ಅವಳ ಅಕ್ಕನ ಮಗಳು ಲೆಪೆಕಾ ಕೂತಿದ್ದಳು. ಇಬ್ಬರೂ ಆಸ್ಪತ್ರೆಯಿಂದ ಬಂದವರು.

"ಡಾಕ್ಟ್ರು ಏನಂದ್ರೇ?" ಎಂದಳು ದೊಡ್ಡವಳು.

"ನಿದ್ದೆ ಬರದಿದ್ರೆ ಹೊರಳಾಡಬೇಡ, ಎದ್ದು ಬೇರೆ ರೂಮಿಗೆ ಹೋಗು ಅಂದ್ರು ಚಿಕ್ಕಮ್ಮ."

"ಯಾವ ರೂಮಿಗೆ? ನಿಮ್ಮನೇಲಿ ಇರೋದು ಬರೀ ಕಂಬ, ಗೋಡೆ ಎಲ್ಲಿದೆ?"

"ನಾನೂ ಅದನ್ನೇ ಕೇಳ್ದೆ."

"ವರ್ಷದ ಮೇಲಾಯ್ತಲ್ಲೇ ನಿಂಗೆ ಹೀಗಾಗಿ."

"ಕತ್ತಲಾಗ್ತಿದ್ದಂಗೆ ಎದೆ ಹೊಡ್ಕೊಳ್ಳುತ್ತೆ, ಇವತ್ತೂ ನಿದ್ದೆ ಬರಲ್ವೇನೋ ಅಂತ. ಅಮ್ಮ ಮಲಗ್ತಾಳೆ ಅಂತ ಮಕ್ಕಳು ಪಿಸುಗುಡ್ತವೆ. ಅತ್ತೆ ರೇಡಿಯೋ ಆರಿಸ್ತಾರೆ. ಮನೆಯವರೆಲ್ಲ ಸುತ್ತ ಮಲಗಿ ನನ್ನ ನಿದ್ದೆಗೇ ಕಾಯ್ತಾರೆ. ನಾನು ಸುಮ್ನೆ ಗೊರಕೆ ಹೊಡೀತೀನಿ."

"ಸುಳ್ಳು ಗೊರಕೆನಾ?"

"ಅವರಾದ್ರೂ ಮಲಗ್ಲಿ ಅಂತ."

ಚಿಕ್ಕಮ್ಮ ನಗಲಿಲ್ಲ.

"ಇವತ್ತು ಸೀದಾ ನಮ್ಮನೆಗೆ ಬಾ, ಚಾಪೆ ಕೊಡ್ತೀನಿ. ನಿಮ್ಮ ಚಿಕ್ಕಪ್ಪನ ಇಸ್ಪೀಟು ಗುಂಪು ಬೆಳಗಿನ ತನಕ ಕಿರುಚಾಡ್ತಿರುತ್ತೆ. ನೀನು ಮಲಗಿದ್ಯೋ ಇಲ್ವೋ ಅಂತ ಅಲ್ಲಿ ಯಾರೂ ನೋಡಲ್ಲ."

"ಅಲ್ಲೂ ನಿದ್ದೆ ಬರದಿದ್ರೆ?"

"ಎದ್ದು ಬಂದು ಎಲೆ ಹಂಚು."

ಲೆಪೆಕಾ ಬಸ್ಸು ನಿಲ್ಲಿಸಲು ಗಂಟೆಯ ಹಗ್ಗ ಎಳೆದಳು. ಬಸ್ಸು ನಿಂತಿತು. ಇಬ್ಬರೂ ಇಳಿದು ಚಿಕ್ಕಮ್ಮನ ಮನೆಯ ಕಡೆ ನಡೆದರು.