ಗಾಜಿನೊಳಗಿನ ಲಾಕ್ಲನ್ ಸ್ವೆಟರ್

ಗಾಳಿ ಜೋರಾಗಿದ್ದರಿಂದ ಹಡಗು ತಡವಾಗಿತ್ತು. ನಮ್ಮ ದ್ವೀಪದ ಬಂದರಿನ ಕಾಯುವ ಕೋಣೆಯಲ್ಲಿ ನನ್ನೆದುರಿಗೆ ಮೀನುಗಾರ ಲಾಕ್ಲನ್‌ನ ವಿಧವೆ ಶೋನಾಕ್, ಅವಳ ಪಕ್ಕ ನೆರೆಮನೆಯ ಓಯ್ರಿಕ್. ಮಾತು ತೆಗೆದವಳು ಓಯ್ರಿಕ್.

“ನಮ್ಮೂರ ಮ್ಯೂಸಿಯಮ್ಮಿಗೆ ಲಾಕ್ಲನ್ ಸ್ವೆಟರ್ ಕೊಟ್ಟೆಯಲ್ಲ, ‘ಹೆಣೆದವರು: ಹೆಂಡತಿ ಶೋನಾಕ್’ ಅಂತ ಚೀಟಿ ಅಂಟಿಸಿದ್ದಾರೆ ಕಣೇ.”

“ಅಂಟಿಸ್ಲಿ ಬಿಡು.”

“ಅದನ್ನ ಹೆಣೆದಿದ್ದು ನಾನು. ನಿನ್ನ ಮದುವೆಗೆ ಮುಂಚೆ.”

“ಗೊತ್ತು. ಅಂಚಲ್ಲಿ ಅವನ ಹೆಸರಿನ ಪಕ್ಕ ನಿನ್ನ ಹೆಸರೂ ಇತ್ತು. ಮದುವೆಯಾದ ವಾರವೇ ನಿನ್ನ ಹೆಸರನ್ನ ನಾನೇ ಬಿಚ್ಚಿ ಹಾಕ್ದೆ.”

“ಅಯ್ಯೋ ಪಾಪಿ! ಗೊತ್ತಿದ್ದೂ ಇಷ್ಟು ವರ್ಷ ಒಗೆದು ಒಣಗಿಸಿದ್ಯಾ?”

“ಒಳ್ಳೆ ಉಣ್ಣೆ. ಬಿಸಾಕಕ್ಕಾಗುತ್ತಾ?”

“ಚೀಟಿ ಬದಲಾಯಿಸಿ ಅಂತ ಹೋಗಿ ಹೇಳ್ತೀನಿ ನೋಡು.”

“ಹೇಳು. ಸ್ವೆಟರ್ ನೋಡೋಕೆ ಗ್ಲಾಸ್ಗೋದಿಂದ ಬಂದಿದ್ದ ಮ್ಯೂಸಿಯಂ ಮೇಡಂ ಮಾತ್ರ ಮೊಣಕೈಯದ್ದೇ ಫೋಟೋ ತೆಗೆದದ್ದೇ ತೆಗೆದದ್ದು. ಇಂಥ ಡಿಸೈನ್ ಬೇರೆ ಯಾವ ದ್ವೀಪದಲ್ಲೂ ಇಲ್ವಂತೆ.”

“ಮೊಣಕೈ ಹತ್ರ ನಾನು ಸಾದಾ ಹೆಣೆದಿದ್ದೆನಲ್ಲೇ!”

“ಅದು ನಾನು ಹಾಕಿದ ತೇಪೆ.”

ಹೊರಗೆ ಹಡಗು ಕೂಗಿತು. ಶೋನಾಕ್ ಎದ್ದು, ಓಯ್ರಿಕ್‌ಳ ಚೀಲವನ್ನೂ ತಾನೇ ಎತ್ತಿಕೊಂಡು ಬಾಗಿಲತ್ತ ನಡೆದಳು.

“ಬಾರೇ. ಎದೆಭಾಗ ನಿಂದೇ ಇರ್ಲಿ. ಮೊಣಕೈ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ.”