ಎಡಗಡೆಯ ಆಟಗಾರ

ನಗ್ತೀಯಲ್ಲ ಅಕ್ಕ, ನಗು. ಕ್ರೀಡಾಂಗಣದ ತುಂಬ ಜನ ಎದ್ದು ನಿಂತು ಸಿಳ್ಳೆ ಹಾಕೋದನ್ನ ನೀನೂ ಒಂದು ಸಲ ಫುಟ್ಬಾಲ್ ಮೈದಾನದ ನಡುವೆ ನಿಂತು ಕೇಳಿಸ್ಕೊಂಡು ಬಾ, ಆಮೇಲೆ ನಗು. ನಮ್ಮಲ್ಲಿ ಸಿಳ್ಳೆ ಅಂದ್ರೆ ಭೇಷ್ ಅಂತ. ನಾನು ಆಡೋ ಆ ದೇಶದಲ್ಲಿ ಸಿಳ್ಳೆ ಅಂದ್ರೆ ತೊಲಗು ಅಂತ. ಹೌದು, ಹೋದ ಹೊಸದರಲ್ಲಿ ಅದು ಗೊತ್ತಿಲ್ಲದೆ ಕೈ ಬೀಸಿದ್ದೆ. ಫೋನಲ್ಲಿ ಹೇಳಿದಾಗ ನೀನೂ ಭಾವನೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ರಿ. ಆದ್ರೆ ಅವತ್ತು ಸಿಳ್ಳೆ ಹಾಕಿದ್ದು ಎದುರು ತಂಡದ ಕಡೆಯ ಜನ. ಈ ಸಲ ಹಾಕಿದ್ದು ನಮ್ಮವರೇ. ನನ್ನ ಹೆಸರಿನ ಅಂಗಿ ತೊಟ್ಕೊಂಡು ಬಂದವರು!

ನನಗೇನೂ ಬೇಡ. ನೀನು ಇಸ್ತ್ರಿ ಮಾಡ್ತಾ ಇರು, ಸಂಜೆಯೊಳಗೆ ಆ ಹೋಟೆಲಿನವರ ಬಟ್ಟೆ ಕೊಡಬೇಕು ಅಂದ್ಯಲ್ಲ. ನಾನು ಇಲ್ಲೇ ಸ್ಟೂಲಿನ ಮೇಲೆ ಕೂತಿರ್ತೀನಿ. ಏನಿಲ್ಲ, ಭುಜ ಅಷ್ಟೇ. ಒಳಗೆ ಬರುವಾಗ ಆ ಬಟ್ಟೆ ತೂಗುಹಾಕೋ ಕಂಬಿ ತಗುಲ್ತು. ಅಂಗಡಿ ತುಂಬ ಜಾಗ ಇಲ್ಲದ ಹಾಗೆ ಮಾಡಿಟ್ಟಿದ್ದೀಯ.

ಎಲ್ಲ ಆ ಹೊಸ ಕೋಚಿನಿಂದ ಬಂದ ಗ್ರಹಚಾರ. ಹಳೆಯವನು ಮನುಷ್ಯ. ಬೈತಿದ್ದ, ಆಮೇಲೆ ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕರ್ಕೊಂಡು ಹೋಗ್ತಿದ್ದ. ಇವನು ಬೈಯೋದೇ ಇಲ್ಲ. ಒಂದು ಬಿಳಿ ಹಲಗೆ, ಅದರ ಮೇಲೆ ಗುಂಡಿ ಥರ ಅಯಸ್ಕಾಂತ, ಒಬ್ಬೊಬ್ಬ ಆಟಗಾರನಿಗೂ ಒಂದೊಂದು. ಬಂದ ವಾರದಲ್ಲೇ ನಮ್ಮನ್ನೆಲ್ಲ ಮುಂದೆ ಕೂರಿಸ್ಕೊಂಡು, ನನ್ನ ಗುಂಡಿಯನ್ನ ಒಂದು ಬೆರಳಲ್ಲಿ ಎಡಗಡೆಯಿಂದ ಬಲಗಡೆಗೆ ತಳ್ಳಿದ. ಒಂದೇ ಬೆರಳು ಅಕ್ಕ. ಜನ್ಮವಿಡೀ ಎಡಗಡೆ ಗೆರೆ ಪಕ್ಕ ಓಡಿದವನನ್ನ! ನನ್ನ ಕೇಳಬೇಕು ಅಂತಲೂ ಅನ್ನಿಸಲಿಲ್ಲ ಅವನಿಗೆ.

ಏನಂದೆ? ಎಡಗಾಲಿನವನು ಬಲಗಡೆ ಆಡಿದ್ರೆ ಒಳಕ್ಕೆ ತಿರುಗಿ ಗೋಲಿಗೆ ಹೊಡೆಯೋದು ಸುಲಭ ಅಂತಾನಾ? ಭಾವ ಹೇಳಿದ್ರಾ? ಟೀವಿ ಮುಂದೆ ಕೂತವರೆಲ್ಲ ಕೋಚುಗಳೇ. ಆ ಕೋಚೂ ಅದೇ ಹೇಳಿದ. ನಿನ್ನ ವಯಸ್ಸಿನಲ್ಲಿ ಇದರಿಂದ ಇನ್ನೂ ನಾಲ್ಕು ವರ್ಷ ಆಡ್ತೀಯ, ಗೋಲು ಜಾಸ್ತಿ ಬರುತ್ತೆ ಅಂದ. ಬೇರೆಯವರಾಗಿದ್ರೆ ಕುಣಿದಾಡ್ತಿದ್ರಂತೆ. ಹಾಗಾದ್ರೆ ಬೇರೆಯವರನ್ನೇ ಹಾಕ್ಕೋ ಅಂದೆ. ಹಾಗೇ ಅಂದೆ, ಅವರ ಭಾಷೆಯಲ್ಲೇ. ಕ್ಲಬ್ಬಿನ ಅಡುಗೆಯವಳು ಕಲಿಸಿದ ಭಾಷೆ, ಒರಟಾಗೇ ಬರುತ್ತೆ.

ಹೇಗಾದ್ರೂ ಆಡಿದೆ. ಆಡದೆ ಏನು ಮಾಡ್ತೀಯ? ಬಲಗಡೆ ಹೋಗಿ ನಿಂತೆ. ನಮ್ಮ ತಂಡದಲ್ಲಿ ಮೈದಾನದ ನಡುವೆ ಆಡೋನು, ನಾನು ಉದ್ದಣ್ಣ ಅಂತ ಕರೆಯೋನು ಗೊತ್ತಲ್ಲ, ನನ್ನ ಜೊತೆ ಮನೆಯಲ್ಲಿರೋನು, ಬಾಗಿಲಿಗೆ ಬಗ್ಗಿ ಬರೋ ಆಸಾಮಿ. ಅವನಿಗೂ ನನಗೂ ಕಣ್ಸನ್ನೆ ಸಾಕಿತ್ತು. ನಾನು ಓಡೋಕೆ ಮುಂಚೆನೇ ಚೆಂಡು ಬಿಡ್ತಿದ್ದ, ಅದು ನೇರ ನನ್ನ ಕಾಲಿಗೆ ಬಂದು ಕೂರ್ತಿತ್ತು. ಈ ಹೊಸ ಕಡೆಗೆ ಹೋದಮೇಲೆ ಅವನಿಗೇನಾಯ್ತೋ. ಒಂದು ಪಾಸೂ ನೆಟ್ಟಗೆ ಬರಲಿಲ್ಲ. ಎಲ್ಲ ಹಿಂದಿನಿಂದ, ಕಳ್ಳನ ಹಾಗೆ. ಚೆಂಡು ನನ್ನ ದಾಟಿ ಗೆರೆ ಆಚೆ ಹೋದಮೇಲೆ, ಓ, ಇದು ನನಗೆ ಕೊಟ್ಟಿದ್ದು ಅಂತ ಗೊತ್ತಾಗೋದು. ಅವನು ಎರಡೂ ಕೈ ಮೇಲೆತ್ತಿ ನನ್ನನ್ನೇ ನೋಡೋದು. ನನ್ನ ತಪ್ಪು ಅನ್ನೋ ಹಾಗೆ! ಎದುರಾಳಿ ಡಿಫೆಂಡರ್‌ಗಳಂತೂ ಹಬ್ಬ ಮಾಡಿದ್ರು. ಎಲ್ಲಿಂದ ಬರ್ತಾರೋ, ಬಂದು ಚೆಂಡು ಕಿತ್ಕೊಂಡು ಹೋಗ್ತಾರೋ. ನಾನೇನೋ ಮಲಗಿ ನಿದ್ದೆ ಮಾಡ್ತಿದ್ದೀನಿ ಅನ್ನೋ ಹಾಗೆ.

ಕೊನೆಯ ಮ್ಯಾಚಲ್ಲಿ ಸರಿಯಾಗೇ ಆಯ್ತು ಬಿಡು. ನಾನು ಒಳಕ್ಕೆ ತಿರುಗಿದೆ, ಗೋಲು ಕಾಣ್ತಿತ್ತು, ಕಾಲು ಎತ್ತಿದೆ. ದಡ್ ಅಂತ ಯಾರೋ ಬಂದು ಹೊಡೆದ ಹಾಗಾಯ್ತು. ಎದ್ದು ನೋಡಿದ್ರೆ ಉದ್ದಣ್ಣ. ನಮ್ಮವನೇ! ಮೂಗಿಂದ ರಕ್ತ ಸೋರ್ತಿದೆ, ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದಾನೆ. ಅಷ್ಟು ದೊಡ್ಡ ದೇಹ, ನೋಡಿದ್ರೆ ಮರ ಬಂದ ಹಾಗೆ ಬರ್ತಾನೆ, ಅವನು ಅಡ್ಡ ಬರೋದಾ? ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಅವನು ಬೈಯಲಿಲ್ಲ. ನಾನು ಅಲ್ಲೇ ನಿಂತಿದ್ದೆನಲ್ಲೋ, ನೀನೇ ಬಂದು ಗುದ್ದಿದೆ, ಅಂತ ಮೆಲ್ಲಗೆ ಹೇಳಿದ. ಆಗಲೇ ಶುರುವಾಗಿದ್ದು ಸಿಳ್ಳೆ.

ಅರ್ಧದಲ್ಲೇ ಹೊರಗೆ ಕರೆಸಿದ್ರು. ಅಂಗಿ ಬಿಚ್ಚಿ ಬೆಂಚಿನ ಮೇಲೆ ಎಸೆದೆ. ಟೀವಿಯಲ್ಲಿ ತೋರಿಸಿದ್ರಾ? ತೋರಿಸಿರ್ತಾರೆ, ಅಂಥದ್ದನ್ನೇ ತೋರಿಸೋದು.

ಇದನ್ನ ಕೇಳು, ಇದರಲ್ಲೇ ಇರೋದು ಅವನ ಬಂಡವಾಳ. ಮಾರನೆಯ ದಿನ ಕೋಚು ನನ್ನ ಕರೆದು ಬಾಗಿಲು ಹಾಕಿದ. ಎದುರಿಗೆ ಕುರ್ಚಿ ಎಳೆದು ಕೂತ. ಹಲಗೆ ಇಲ್ಲ, ಗುಂಡಿ ಇಲ್ಲ. ನನ್ನ ಮುಖಾನೇ ನೋಡ್ತಾ ಕೇಳಿದ: "ನನ್ನ ಹತ್ತಿರ ಹೇಳಬೇಕಾದ್ದು ಏನಾದ್ರೂ ಇದೆಯಾ?" ನಾನೇನು ಕಳ್ಳನಾ ಅಕ್ಕ? ಏನಿಲ್ಲ ಅಂದೆ. ಮತ್ತೆ ಕೇಳಿದ. ನಾನು ನಿನ್ನ ವೈರಿ ಅಲ್ಲ, ಇದ್ರೆ ಈಗಲೇ ಹೇಳು, ಏನಾದ್ರೂ ದಾರಿ ನೋಡೋಣ ಅಂದ. ಎಂಥಾ ನಯ! ಕುರ್ಚಿ ಒದ್ದು ಎದ್ದು ಬಂದೆ. ನನ್ನ ಎಡಗಡೆ ನನಗೆ ಕೊಡು, ಇಲ್ಲಾಂದ್ರೆ ನಿನ್ನ ಕ್ಲಬ್ಬೂ ಬೇಡ ನೀನೂ ಬೇಡ ಅಂದು ಬಂದೆ.

ಸರಿ. ರಜೆ ಅಂತ ಹೇಳಿದ್ದು ಸುಳ್ಳು. ಬಿಟ್ಟೇ ಬಂದಿದ್ದೀನಿ. ಹಾಗೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡ್ಕೊಂಡು ನಿಲ್ಲಬೇಡ, ಏನೂ ಮುಳುಗಿಲ್ಲ. ಇನ್ನೊಂದು ಕ್ಲಬ್ಬಿನವರು ಕರೆದಿದ್ದಾರೆ. ಅದಕ್ಕಿಂತ ದೂರ, ಚಳಿ ದೇಶ. ಮೊದಲೇ ಮಾತಾಡ್ಕೊಂಡಿದ್ದೀನಿ, ಎಡಗಡೆ ಮಾತ್ರ, ಬೇರೆ ಕಡೆ ನಿಲ್ಲಿಸಿದ್ರೆ ಬರಲ್ಲ ಅಂತ. ಆಯ್ತು ಅಂದಿದ್ದಾರೆ. ಮುಂದಿನ ವಾರ ಹೋಗ್ತೀನಿ. ಎಡಗಡೆ ಅಂದ್ರೆ ನನಗೆ ಮನೆ ಇದ್ದ ಹಾಗೆ. ಎಡಕ್ಕೆ ಗೆರೆ, ಗೆರೆ ಆಚೆ ಜನ, ಆ ಕಡೆ ನೋಡೋ ಅಗತ್ಯಾನೇ ಇಲ್ಲ. ಚೆಂಡು, ನಮ್ಮವರು, ಅವರು, ಗೋಲು, ಎಲ್ಲ ಬಲಗಡೆ. ಬಲಗಡೆ ಆಡಿಸಿದ್ರೆ ಎಲ್ಲ ತಿರುಗುಮುರುಗು. ಇಡೀ ಮೈದಾನ ಎಡಕ್ಕೆ ಬಂದು ಬೀಳುತ್ತೆ, ಅಲ್ಲಿ ಏನಿದೆ ಅಂತ...

ಏನಿದೆ ಅಂತ ಕತ್ತು ತಿರುಗಿಸಿ ತಿರುಗಿಸಿ ಸಾಕಾಗುತ್ತೆ. ಅದನ್ನೇ ಹೇಳಿದ್ದು.

ಕಂಬಿನಾ? ಯಾಕೆ, ಮತ್ತೆ ಅದನ್ನೇ ಕೇಳ್ತೀಯಲ್ಲ? ಹೇಳಿದೆನಲ್ಲ, ನಿನ್ನ ಅಂಗಡಿ ಇಕ್ಕಟ್ಟು. ಯಾವ ಭುಜ ಅಂದ್ರೆ... ಎಡಭುಜ. ಯಾವುದಾದ್ರೇನು? ಬಾಗಿಲಲ್ಲಿ ಭಾವ ಕೈ ಚಾಚಿದ್ರೂ ನಾನು ಮಾತಾಡಿಸದೆ ಬಂದೆನಾ? ನೋಡಲಿಲ್ಲ ಬಿಡು, ಪ್ರಯಾಣದ ಸುಸ್ತು. ಅದಕ್ಕೇ ಮುಖ ಊದಿಸ್ಕೊಂಡು ಹೋದ್ರಾ? ಸಂಜೆ ಮಾತಾಡಿಸ್ತೀನಿ.

ನೀನೂ ಆ ಕೋಚಿನ ಥರಾನೇ ಕೇಳೋಕೆ ಶುರು ಮಾಡಿದೆ. ಎಲ್ಲರಿಗೂ ನನ್ನನ್ನ ಕೆದಕೋ ಚಟ. ನಾನು ಯಾರು ಅಂತ ಆ ಕ್ಲಬ್ಬಿಗೆ ಗೊತ್ತಾ? ಕೆಳಗಿನ ದರ್ಜೆಗೆ ಜಾರ್ತಿದ್ದ ತಂಡವನ್ನ ನಿಲ್ಲಿಸಿದ್ದು ಯಾರು? ಜ್ವರದಲ್ಲಿ ಆಡಿದೆ. ಪಾದದ ಮೂಳೆ ಬಿರುಕು ಬಿಟ್ಟಾಗ ನೋವಿಗೆ ಸೂಜಿ ಚುಚ್ಚಿಸ್ಕೊಂಡು ಆಡಿದೆ. ಹೋದ ವರ್ಷ ಆ ಗಡ್ಡದವನು ಚೆಂಡಿಗೆ ಹಾರುವಾಗ ಮೊಣಕೈಯಲ್ಲಿ ಮುಖಕ್ಕೆ ಗುದ್ದಿದನಲ್ಲ, ಅರ್ಧ ಮುಖ ಬದನೆಕಾಯಿ ಆಗಿತ್ತು, ಆಗಲೂ ಮುಂದಿನ ಮ್ಯಾಚಿಗೆ ಹಾಜರು. ಯಾರೂ ಕರೆದು ಕೇಳಲಿಲ್ಲ ಅವತ್ತು, ಹೇಳಬೇಕಾದ್ದು ಏನಾದ್ರೂ ಇದೆಯಾ ಅಂತ. ಅವತ್ತು ಕೇಳಬೇಕಿತ್ತು! ಈಗ ಬಂದು...

ಮಾತಾಡು ಅಕ್ಕ. ಯಾಕೆ ಸುಮ್ಮನಾದೆ?

ಇಸ್ತ್ರಿಪೆಟ್ಟಿಗೆ ಆರಿಸಿದ್ಯಾ? ಹೊರಗೆ ಹೋದ್ಯಾ? ಬಾಗಿಲು ಸದ್ದಾಗಲಿಲ್ಲವಲ್ಲ.

ಅಕ್ಕ?

ನೋಡು, ಈ ಆಟ ಬೇಡ. ಚಿಕ್ಕವರಿದ್ದಾಗ ನೀರಿನ ಡ್ರಮ್ಮಿನ ಹಿಂದೆ ಅವಿತ್ಕೋತಿದ್ಯಲ್ಲ, ಹಾಗೆ ಮಾಡಬೇಡ, ನನಗೆ ಸಿಟ್ಟು ಬಂದಿದೆ. ಎಲ್ಲಿದ್ದೀಯ? ಅಕ್ಕ...

ಓ.

ಇಲ್ಲೇ ಇದ್ದೀಯ. ನನ್ನ ಪಕ್ಕದಲ್ಲೇ.

ಯಾವಾಗ ಬಂದು ನಿಂತೆ? ಕೈ ಯಾಕೆ ಹಾಗೆ ನನ್ನ ಮುಖದ ಹತ್ತಿರ...

ಇಳಿಸು. ಕೈ ಇಳಿಸು ಅಕ್ಕ. ಬೇಡ, ಇನ್ನೊಂದು ಸಲ ಪರೀಕ್ಷೆ ಮಾಡಬೇಡ. ಕಾಣಲ್ಲ. ಎಡಗಡೆ ಏನೂ ಕಾಣಲ್ಲ.

ಆ ಮೊಣಕೈ ಪೆಟ್ಟು ಬಿದ್ದಮೇಲೆ. ಮೊದಲು ಮಿಂಚು ಮಿಂಚಾಗಿ ಕಾಣ್ತಿತ್ತು. ಆಮೇಲೆ ಮೂಲೆಯಿಂದ ಪರದೆ ಎಳೆದ ಹಾಗೆ. ಹೇಳಿದ್ರೆ ಕೂರಿಸ್ತಿದ್ರು. ನನ್ನ ವಯಸ್ಸಿಗೆ ಒಂದು ಸಲ ಕೂರಿಸಿದ್ರೆ ಮತ್ತೆ ಎಬ್ಬಿಸಲ್ಲ. ತಾನೇ ಹೋಗುತ್ತೆ ಅಂದ್ಕೊಂಡೆ. ಕೊನೆಗೆ ಯಾರಿಗೂ ಹೇಳದೆ ಬೇರೆ ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಆಕೆ ತುಂಬ ಹೊತ್ತು ನೋಡಿ, ಇಷ್ಟು ತಡ ಯಾಕೆ ಮಾಡಿದೆ ಅಂದಳು. ಆ ಕೋಚಿನ ಥರಾನೇ, ಮೆಲ್ಲಗೆ. ಇನ್ನೊಂದು ಕಣ್ಣನ್ನಾದ್ರೂ ಜೋಪಾನ ಮಾಡು, ಆಡಬೇಡ ಅಂದಳು.

ಹೂಂ, ಆ ಹೊಸ ಕ್ಲಬ್ಬಿನವರಿಗೆ ಹೇಳಿಲ್ಲ.

ಏನಾದ್ರೂ ಅನ್ನು ಅಕ್ಕ. ಬೈ. ಅವರೆಲ್ಲ ಮೆಲ್ಲಗೆ ಮಾತಾಡಿ ಮಾತಾಡಿ ನನ್ನ ಸಾಯಿಸಿದ್ರು, ನೀನಾದ್ರೂ ಜೋರಾಗಿ ಬೈ.

ಬೈಯಲ್ವಾ? ಆಯ್ತು. ಈ ಕಡೆ ಬಂದು ಕೂತ್ಕೋ. ಆ ಕಡೆ ಅಲ್ಲ, ಇಲ್ಲಿ, ಬಲಗಡೆ. ನಿನ್ನ ಮುಖ ಕಾಣಲಿ.